ಹರೀಶನ ಮಣಿಗಳು

ಬ್ರಹ್ಮಾಂಡ ಮಾಡುವ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಕಾಯುವುದನ್ನು. ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗೆ ಇದು ನಗು ತರಿಸಬಹುದು. ನಿಮ್ಮ ಯಂತ್ರಗಳು ಕಾಫಿ ಆರುವಷ್ಟರಲ್ಲಿ ಲೆಕ್ಕ ಒಪ್ಪಿಸುತ್ತವೆ. ನಮ್ಮ ಕಾಲದಲ್ಲಿ ಒಂದು ಬ್ರಹ್ಮಾಂಡ ಹುಟ್ಟಿ ಬೆಳೆದು ಇಂದಿನ ವಯಸ್ಸಿಗೆ ಬರಲು ಮೂರು ವಾರ ಹಿಡಿಯುತ್ತಿತ್ತು. ಸೋಮವಾರ ಬೆಳಿಗ್ಗೆ ಅದನ್ನು ಓಡಲು ಬಿಟ್ಟು ಬಂದರೆ, ಬಟ್ಟೆ ಮಡಚುವಾಗ, ಗ್ರೋಸರಿ ಅಂಗಡಿಯ ಸಾಲಿನಲ್ಲಿ ನಿಂತಾಗ, ಫ್ರೀವೇಯಲ್ಲಿ ಕಾರು ಇಂಚಿಂಚಾಗಿ ತೆವಳುವಾಗ, ಅದು ತಲೆಯೊಳಗೂ ಬೆಳೆಯುತ್ತಲೇ ಇರುತ್ತಿತ್ತು. ಈ ಹೊತ್ತಿಗೆ ಅಲ್ಲಿ ಮೊದಲ ಗೆಲಾಕ್ಸಿಗಳು ಮೂಡಿರಬೇಕು ಎಂದುಕೊಳ್ಳುತ್ತಾ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದುಂಟು.

ನಾನು ವಿಜ್ಞಾನಿಯಲ್ಲ, ಪ್ರೋಗ್ರಾಮು ಬರೆಯುತ್ತಿದ್ದವಳು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಮದುವೆಯಾಗಿ ಸ್ಯಾನ್ ಹೊಸೆಯ ಈ ಸೀಮೆಗೆ ಬಂದು, ಕೊಲ್ಲಿಯ ಉತ್ತರದ ಬೆಟ್ಟದ ಮೇಲಿದ್ದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ಮನೆ ಮಾತ್ರ ದಕ್ಷಿಣದ ತುದಿಯ ಗಿಲ್‌ರಾಯ್‌ನಲ್ಲಿ. ಅಲ್ಲಿ ಬೆಳ್ಳುಳ್ಳಿ ಕೊಯ್ಲಿನ ಕಾಲದಲ್ಲಿ ಒಗೆದ ಸೀರೆಗೂ ಅದರದೇ ವಾಸನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಏರಿದ್ದೂ ಅಷ್ಟರಲ್ಲೇ ಇದೆ.

ಬರೆಯಲೇಬೇಕಾದದ್ದು ಬೇರೆ ಒಂದಿದೆ. ನಮ್ಮ ಪ್ರಯೋಗಾಲಯಕ್ಕೆ ಸೇರಿದ ಹೊಸಬರಿಗೆ ಮೊದಲ ವಾರವೇ ಒಂದು ಚಿತ್ರ ತೋರಿಸುತ್ತಾರೆ. ಅದರ ಹೆಸರೇ ‘ಹರೀಶನ ಮಣಿಗಳು’. ಯಂತ್ರ ತೋರಿಸಿದ್ದನ್ನು ನಿಜವೆಂದು ನಂಬಿದರೆ ಏನಾಗುತ್ತದೆ ನೋಡಿ ಎಂದು ಎಚ್ಚರಿಸಲು ಅದನ್ನು ಇಟ್ಟುಕೊಂಡಿದ್ದಾರೆ. ಹರೀಶ ಯಾರೆಂದು ಈಗ ಅಲ್ಲಿರುವ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತು. ಆ ತಪ್ಪು ಅವನದಲ್ಲ, ನನ್ನದು ಎಂಬುದೂ ಗೊತ್ತು. ಇಷ್ಟು ವರ್ಷ ಅದನ್ನು ನಾನು ಹೇಳಲಿಲ್ಲ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಆಕಾಶದ ತುಂಬ ಕಣ್ಣಿಗೆ ಕಾಣದ ಕಪ್ಪು ದ್ರವ್ಯವಿದೆ, ಗೆಲಾಕ್ಸಿಗಳನ್ನು ಹಿಡಿದಿಟ್ಟಿರುವುದು ಅದರ ಗುರುತ್ವವೇ ಎನ್ನುತ್ತಾರೆ. ಅದು ಆದಿಯಿಂದ ಇಂದಿನವರೆಗೆ ಹೇಗೆ ಗುಂಪುಗೂಡಿತೆಂದು ನೋಡಲು ಯಾರ ಆಯುಷ್ಯವೂ ಸಾಲದು. ಹಾಗಾಗಿ ಕಂಪ್ಯೂಟರಿನೊಳಗೆ ಒಂದು ಪೆಟ್ಟಿಗೆ ಕಲ್ಪಿಸಿಕೊಂಡು, ಅದರಲ್ಲಿ ಲಕ್ಷಾಂತರ ಕಣಗಳನ್ನಿಟ್ಟು, ಪ್ರತಿಯೊಂದೂ ಉಳಿದೆಲ್ಲವನ್ನೂ ಎಳೆಯಲಿ ಎಂದು ಬಿಟ್ಟುಬಿಡುತ್ತಿದ್ದೆವು. ಕಣ ಎಂದರೆ ಅಣು ಎಂದುಕೊಳ್ಳಬೇಡಿ. ನಮ್ಮ ಒಂದೊಂದು ಕಣವೂ ಕೋಟ್ಯಂತರ ಸೂರ್ಯರಷ್ಟು ತೂಕ. ನಿಜವಾದ ದ್ರವ್ಯ ಹಿಟ್ಟಿನಂತೆ ನುಣ್ಣಗಿದೆ, ನಮ್ಮ ಹತ್ತಿರ ಇದ್ದದ್ದು ಕಡಲೆಕಾಳು. ಕಾಳನ್ನು ಇಟ್ಟುಕೊಂಡು ಹಿಟ್ಟಿನ ಗುಣ ಹೇಳಬೇಕಾಗಿತ್ತು.

ನನ್ನ ಮೇಲಧಿಕಾರಿ ಮಾರ್ತಾ ಎಂಬ ಪ್ರೊಫೆಸರು. ಎತ್ತರದ ಹೆಂಗಸು, ವರ್ಷವಿಡೀ ಅದೇ ಬೂದು ಸ್ವೆಟರು. ಹೊಗಳುವುದು ಗೊತ್ತೇ ಇರಲಿಲ್ಲ. ಯಾವ ಚಿತ್ರ ತಂದು ತೋರಿಸಿದರೂ ಅವರ ಮೊದಲ ಪ್ರಶ್ನೆ, “ಇದರಲ್ಲಿ ಎಷ್ಟನ್ನು ನೀನು ನಂಬುತ್ತೀಯ?” ಎಂದೇ. ಮೊದಲ ವರ್ಷ ಈ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ನಾನೊಂದು ದೊಡ್ಡ ಎಡವಟ್ಟು ಮಾಡಿದೆ. ಎರಡು ಕಣಗಳು ತೀರಾ ಹತ್ತಿರ ಬಂದರೆ ಅವುಗಳ ನಡುವಿನ ಸೆಳೆತ ಮಿತಿಮೀರಿ ಏರುತ್ತದೆ. ಹಾಗಾಗದಿರಲೆಂದು ಹತ್ತಿರ ಬಂದಾಗ ಸೆಳೆತವನ್ನು ಬೇಕೆಂದೇ ಮೆದು ಮಾಡುವುದು ವಾಡಿಕೆ. ನನಗೆ ಇದು ಮೋಸ ಅನ್ನಿಸಿತು. ಗುರುತ್ವದ ನಿಯಮವನ್ನು ತಿದ್ದಲು ನಾವ್ಯಾರು ಎಂದುಕೊಂಡು ಆ ಸಾಲನ್ನು ಪ್ರೋಗ್ರಾಮಿನಿಂದ ತೆಗೆದುಹಾಕಿದೆ. ಎರಡು ಕಣ ಮುಖಾಮುಖಿಯಾದವು, ಒಂದು ಸಿಡಿದು ಹೊರಟಿತು. ನಮ್ಮ ಪೆಟ್ಟಿಗೆಯಲ್ಲಿ ಒಂದು ಗೋಡೆ ದಾಟಿದ ಕಣ ಎದುರು ಗೋಡೆಯಿಂದ ಒಳಗೆ ಬರುತ್ತದೆ. ಅದು ಹಾಗೆ ಮತ್ತೆ ಮತ್ತೆ ಬ್ರಹ್ಮಾಂಡವನ್ನು ಅಡ್ಡ ಹಾಯುತ್ತಲೇ ಇತ್ತು. ಪರದೆಯ ಮುಂದೆ ಕೂತು ನಾನು ಅರ್ಧ ದಿನ ಅದನ್ನೇ ನೋಡಿದೆ. ಎಲ್ಲಿಗೂ ತಲುಪದೆ, ಎಲ್ಲೂ ನಿಲ್ಲದೆ ಹೋಗುತ್ತಿದ್ದ ಆ ಒಂಟಿ ಚುಕ್ಕಿ ನೋಡಿ ಯಾಕೋ ಕಣ್ಣು ತುಂಬಿತು. ಮಾರ್ತಾ ಹಿಂದೆ ಬಂದು ನಿಂತು, “ನಿನ್ನ ಕಾಳು ಅದು. ಆಕಾಶದಲ್ಲಿ ಅಂಥದ್ದು ಇಲ್ಲ” ಎಂದು ಹೇಳಿ ಹೊರಟುಹೋದರು.

ಇನ್ನೊಂದು ಸಲ ಹಳೆಯ ಲೆಕ್ಕವನ್ನೇ ಹೊಸ ಯಂತ್ರದಲ್ಲಿ ಮತ್ತೆ ಓಡಿಸಿದೆ. ಹಳೆಯದರಲ್ಲಿ ಎಡಮೂಲೆಯಲ್ಲಿ ಒಂದು ಪುಟ್ಟ ಗೆಲಾಕ್ಸಿ ಇತ್ತು. ಅದಕ್ಕೆ ಪುಟ್ಟಿ ಎಂದು ಹೆಸರಿಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ. ಹೊಸ ಯಂತ್ರದ ಬ್ರಹ್ಮಾಂಡದಲ್ಲಿ ಅವಳು ಇರಲೇ ಇಲ್ಲ! ಪಕ್ಕದಲ್ಲಿ ಮತ್ಯಾವುದೋ ಇತ್ತು. ಅದೇ ಪ್ರೋಗ್ರಾಮು, ಅದೇ ಆರಂಭ. ಯಂತ್ರ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಕೊನೆಯ ಅಂಕಿಯಲ್ಲಿ ಕೂದಲೆಳೆಯ ವ್ಯತ್ಯಾಸ ಬರುತ್ತದೆ, ಅದು ಬೆಳೆದು ಬೆಳೆದು ಒಂದು ಗೆಲಾಕ್ಸಿಯನ್ನೇ ಇಲ್ಲದಂತೆ ಮಾಡುತ್ತದೆ. ಒಟ್ಟು ಎಷ್ಟು ಗೆಲಾಕ್ಸಿ, ಎಷ್ಟು ದೊಡ್ಡವು, ಎಷ್ಟು ಗುಂಪಾಗಿವೆ ಎಂದು ಕೇಳಿದರೆ ಎರಡು ಯಂತ್ರಗಳೂ ಒಂದೇ ಉತ್ತರ ಕೊಡುತ್ತವೆ. ಇಂಥದ್ದೊಂದು ಎಲ್ಲಿದೆ ಎಂದು ಮಾತ್ರ ಕೇಳಬಾರದು. ತಿಳಿದಮೇಲೂ ಪುಟ್ಟಿಗಾಗಿ ಒಂದು ವಾರ ಸಂಕಟಪಟ್ಟೆ.

ಹರೀಶ ಬಂದದ್ದು ಇಂಟರ್‌ನೆಟ್ ಕಂಪನಿಗಳ ಹುಚ್ಚು ಎಲ್ಲರ ನೆತ್ತಿಗೇರಿದ್ದ ಕಾಲದಲ್ಲಿ. ಮದ್ದೂರಿನ ಕಡೆಯವನು, ಬೆಂಗಳೂರಿನಲ್ಲಿ ಪಿಎಚ್‌ಡಿ ಮುಗಿಸಿ ಎರಡು ವರ್ಷದ ಸಂಶೋಧನೆಯ ಕೆಲಸಕ್ಕೆ ನಮ್ಮಲ್ಲಿಗೆ ಬಂದಿದ್ದ. ಹೆಂಡತಿ ಲತಾ, ಒಂದೂವರೆ ವರ್ಷದ ಮಗಳು ಅನು, ಸ್ಯಾನ್ ಹೊಸೆಯಲ್ಲಿ ಒಂದು ಅಪಾರ್ಟ್‌ಮೆಂಟು. ದಟ್ಟಣೆಯಿಲ್ಲದ ಕಾರ್‌ಪೂಲ್ ಲೇನಿನಲ್ಲಿ ಹೋಗಲು ಕಾರಿನಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇರಬೇಕು. ನಾನು ಗಿಲ್‌ರಾಯ್‌ನಿಂದ ಹೊರಟು ದಾರಿಯಲ್ಲಿ ಅವನನ್ನು ಹತ್ತಿಸಿಕೊಳ್ಳುತ್ತಿದ್ದೆ. ನನಗೆ ಲೇನು ಸಿಕ್ಕಿತು, ಅವನಿಗೆ ಕಾರು ಸಿಕ್ಕಿತು. ಮೊದಲ ತಿಂಗಳು ‘ಮೇಡಂ’ ಎನ್ನುತ್ತಿದ್ದವನು ಒಂದು ದಿನ ನನ್ನ ಹುಳಿಯವಲಕ್ಕಿ ತಿಂದು ‘ಅಕ್ಕ’ ಅಂದ. ಆಮೇಲೆ ಹಾಗೇ ಉಳಿಯಿತು.

ಆ ಬೆಳಗಿನ ಪ್ರಯಾಣಗಳು ಈಗಲೂ ನನ್ನ ಕನಸಿನಲ್ಲಿ ಬರುತ್ತವೆ. ಕೊಲ್ಲಿಯ ಮೇಲಿನ ಮಂಜು ಬೆಟ್ಟಗಳ ಸಂದಿನಿಂದ ಇಳಿದು ರಸ್ತೆಯನ್ನು ಅರ್ಧ ಮುಚ್ಚಿರುತ್ತಿತ್ತು. ಮುಂದಿನ ಕಾರುಗಳ ಕೆಂಪು ದೀಪ ಮಾತ್ರ ಕಾಣುತ್ತಿತ್ತು, ಕಾರುಗಳು ಕಾಣುತ್ತಿರಲಿಲ್ಲ. ದಾರಿಯುದ್ದಕ್ಕೂ ದೊಡ್ಡ ದೊಡ್ಡ ಜಾಹೀರಾತು ಫಲಕಗಳು. ಯಾವ ಕಂಪನಿ ಏನು ಮಾರುತ್ತದೆಂದು ಅವುಗಳಿಂದ ತಿಳಿಯುತ್ತಿರಲಿಲ್ಲ. ಎಲ್ಲದರಲ್ಲೂ ‘ಇನ್ನೂ ದೊಡ್ಡದು’, ‘ಇನ್ನೂ ಬೇಗ’ ಎಂದೇ ಇರುತ್ತಿತ್ತು.

“ಅಕ್ಕ, ಈ ಮಂಜಲ್ಲಿ ಹೋಗ್ತಿದ್ರೆ ನಾವೂ ಯಾರ್ದೋ ಬಾಕ್ಸಲ್ಲಿ ಇದೀವೇನೋ ಅನ್ಸುತ್ತೆ ಕಣಕ್ಕ” ಎನ್ನುತ್ತಿದ್ದ ಹರೀಶ.

“ಇದ್ರೆ ಇರ್ಲಿ. ಅವ್ರು ಬರೆದಿರೋ ಪ್ರೋಗ್ರಾಮು ನನ್ನದಕ್ಕಿಂತ ಚೆನ್ನಾಗಿರ್ಲಿ ಅಷ್ಟೇ” ಎನ್ನುತ್ತಿದ್ದೆ.

ಅವನ ಕೆಲಸ ಬೆಚ್ಚಗಿನ ಕಪ್ಪು ದ್ರವ್ಯದ ಮೇಲೆ. ದ್ರವ್ಯ ತಣ್ಣಗಿದ್ದರೆ ಸಣ್ಣ ಸಣ್ಣ ಗಂಟುಗಳೂ ಗಟ್ಟಿಯಾಗುತ್ತವೆ. ಕೊಂಚ ಬೆಚ್ಚಗಿದ್ದರೆ ಅದು ಆಚೀಚೆ ಸರಿದಾಡಿ ಸಣ್ಣ ಗಂಟುಗಳು ಅಳಿಸಿಹೋಗುತ್ತವೆ, ಉದ್ದನೆಯ ಎಳೆಗಳು ಮತ್ತು ದೊಡ್ಡ ಗಂಟುಗಳು ಮಾತ್ರ ಉಳಿಯುತ್ತವೆ ಎಂಬುದು ಆಗಿನ ನಂಬಿಕೆ. ಅವನ ಲೆಕ್ಕದ ಆರಂಭಕ್ಕೆ ಕಣಗಳನ್ನು ಜೋಡಿಸುವ ಪ್ರೋಗ್ರಾಮು ನನ್ನದು. ಶಾಲೆಯ ಅಂಗಳದಲ್ಲಿ ಡ್ರಿಲ್ಲಿಗೆ ನಿಲ್ಲಿಸಿದಂತೆ ಅವನ್ನು ಸಮ ಅಂತರದ ಸಾಲುಗಳಲ್ಲಿ ನಿಲ್ಲಿಸಿ, ಆಮೇಲೆ ಒಂದೊಂದನ್ನೂ ಚೂರು ಸರಿಸಿ, ಲೆಕ್ಕ ಶುರುಮಾಡುವುದು ನಮ್ಮ ಕ್ರಮ.

ಮೂರು ವಾರದ ನಂತರ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಾರ್ತಾ ಅವರ ಕೋಣೆಯ ಕಿಟಕಿ ಪರದೆ ಎಳೆದು ಫಲಿತಾಂಶವನ್ನು ಸಿನಿಮಾದಂತೆ ಓಡಿಸಿದೆವು. ಕಪ್ಪಿನಲ್ಲಿ ನಸುನೀಲಿ ಮಬ್ಬು. ಮಬ್ಬು ಮಡಿಕೆ ಬಿದ್ದಿತು, ಮಡಿಕೆಗಳು ಸೇರಿ ಎಳೆಯಾದವು. ಆಮೇಲೆ, ಯಾರೂ ಎಣಿಸಿರದಂತೆ, ಆ ಎಳೆಗಳು ಮೆಲ್ಲಗೆ ತುಂಡಾಗಿ ಪುಟ್ಟ ಪುಟ್ಟ ಮಣಿಗಳಾದವು. ಒಂದು, ಇನ್ನೊಂದು, ಮತ್ತೊಂದು. ಅಯ್ಯೋ, ಎಷ್ಟು ಚೆಂದ ಇತ್ತು ಅಂತೀರಿ! ಸಣ್ಣ ಗೆಲಾಕ್ಸಿಗಳೇ ಹುಟ್ಟಬಾರದ ಕಡೆ ಅವು ಸಾಲಾಗಿ ಹುಟ್ಟುತ್ತಿದ್ದವು. ಇದು ನಿಜವಾದರೆ ದೊಡ್ಡ ಸುದ್ದಿ. ಹರೀಶ ಉಸಿರು ಬಿಗಿಹಿಡಿದು ನಿಂತಿದ್ದ. ಚಿತ್ರವೊಂದನ್ನು ನೋಡಿ ಮಾರ್ತಾ ಕುರ್ಚಿಯಿಂದ ಎದ್ದದ್ದನ್ನು ನಾನು ಮೊದಲ ಸಲ ನೋಡಿದೆ.

ಅವರು ನನ್ನ ಕಡೆ ತಿರುಗಿ, “ಕಣಗಳ ಸಂಖ್ಯೆ ಬದಲಿಸಿ ನೋಡಿದ್ದೀಯಾ?” ಎಂದರು. ಕಣ ಎಷ್ಟಿಟ್ಟರೂ ಬದಲಾಗದೆ ಉಳಿದದ್ದನ್ನು ಮಾತ್ರ ನಂಬಬಹುದು.

ನಾನು “ಹೌದು” ಅಂದೆ.

ಆ ಒಂದು ಮಾತಿನ ಬಗ್ಗೆ ಇಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ. ನಾನು ಸಂಖ್ಯೆ ಬದಲಿಸಿ ನೋಡಿದ್ದು ಬೇರೆ ಲೆಕ್ಕಕ್ಕೆ, ತಣ್ಣನೆಯ ದ್ರವ್ಯದ್ದಕ್ಕೆ. ಅಲ್ಲಿ ಎಲ್ಲ ಸರಿ ಬಂದಿತ್ತು. ಇದಕ್ಕೂ ಬಂದೇ ಬರುತ್ತದೆ ಎಂಬ ಭಂಡ ಧೈರ್ಯ. ಇದಕ್ಕೆ ನೋಡಿಲ್ಲ ಎಂದಿದ್ದರೆ ಆ ಚೆಂದದ ಗಳಿಗೆ ಅಲ್ಲೇ ನಿಂತುಬಿಡುತ್ತಿತ್ತು. ನಿಲ್ಲುವುದು ನನಗೆ ಬೇಕಿರಲಿಲ್ಲ. ಅದೊಂದು ಅರೆಸುಳ್ಳು, ಆದರೆ ಅದರ ಮೇಲೆ ಹರೀಶ ಮನೆ ಕಟ್ಟಿದ.

ಅದೇ ತಿಂಗಳು ಪ್ಲೆಸೆಂಟನ್‌ನ ಒಂದು ಹೊಸ ಕಂಪನಿ ಅವನನ್ನು ಕರೆದಿತ್ತು. ಲತಾಳಿಗೆ ಆ ಊರು, ಅಲ್ಲಿನ ಪಾರ್ಕು, ಮಗಳ ಡೇಕೇರು ಎಲ್ಲ ಹಿಡಿಸಿತ್ತು. ಮಣಿಗಳ ಸುದ್ದಿ ಹಬ್ಬುತ್ತಿದ್ದಂತೆ ದೂರದ ಒಂದು ವಿಶ್ವವಿದ್ಯಾಲಯದಿಂದ ಅಧ್ಯಾಪಕ ಹುದ್ದೆಗೆ ಕರೆ ಬಂತು. ಅಲ್ಲಿಗೆ ಹೋಗಿ ಉಪನ್ಯಾಸ ಕೊಡಬೇಕು, ಹಿಡಿಸಿದರೆ ಕೆಲಸ.

“ಕಂಪನಿಗೆ ಆಗಲ್ಲ ಅಂತ ಹೇಳ್ಬಿಡ್ತೀನಿ ಅಕ್ಕ” ಎಂದ ಕಾರಿನಲ್ಲಿ. “ಲತಾ ಮುಖ ಊದಿಸ್ಕೊಂಡವಳೆ. ಆದ್ರೆ ಏನ್ ಮಾಡ್ಲಿ, ಮಣಿ ಕೈಗೆ ಸಿಕ್ಕವೆ. ಇಂಥದ್ದು ಜೀವಮಾನಕ್ಕೆ ಒಂದ್ಸಲ ಕಣಕ್ಕ.”

“ಹೇಳ್ಬಿಡು” ಅಂದೆ ನಾನು. ನನಗೂ ಅಷ್ಟೇ ಖುಷಿಯಾಗಿತ್ತು. ಅವನು ಆ ದಿನವೇ ಕಂಪನಿಗೆ ಫೋನ್ ಮಾಡಿ ಒಲ್ಲೆನೆಂದ.

ಗುರುವಾರದ ಉಪನ್ಯಾಸಕ್ಕೆ ಅವನು ಬುಧವಾರ ವಿಮಾನ ಹತ್ತಬೇಕಿತ್ತು. ಅದಕ್ಕೆ ಹಿಂದಿನ ಶನಿವಾರ ದೇವಸ್ಥಾನದಲ್ಲಿ ಹೂ ಕಟ್ಟುವ ಸರದಿ ನನ್ನದಿತ್ತು. ನಮ್ಮ ಕಡೆಯ ಏಳೆಂಟು ಹೆಂಗಸರು ಹಜಾರದಲ್ಲಿ ಚಾಪೆ ಹಾಸಿಕೊಂಡು, ಸೇವಂತಿಗೆ ರಾಶಿಯನ್ನು ನಡುವೆ ಸುರಿದುಕೊಂಡು, ನೂಲಿನಲ್ಲಿ ಕಟ್ಟುತ್ತಾ ಕೂರುವುದು. ಕಿಟಕಿಯಿಂದ ಬಂದ ಬಿಸಿಲು ಹೂವಿನ ಮೇಲೆ ಬಿದ್ದು ನಮ್ಮೆಲ್ಲರ ಮುಖವೂ ಹಳದಿಯಾಗಿತ್ತು. ಕೈ ತನ್ನಷ್ಟಕ್ಕೆ ಕಟ್ಟುತ್ತಿತ್ತು, ನನ್ನ ಮನಸ್ಸು ಮಣಿಗಳಲ್ಲಿತ್ತು. ಕಟ್ಟಿದ ಮಾಲೆಗಳನ್ನು ಎತ್ತಿ ಬುಟ್ಟಿಗೆ ಸುತ್ತಿಡುವವರು ಗಿರಿಜಮ್ಮ, ಹಾಸನದವರು, ಬಾಯಿ ಸ್ವಲ್ಪ ಜೋರು.

“ಇದು ಪದ್ದಿದು, ಬರೀ ಅವಸರ. ಇದು ಶಾಂತಂದು, ಒಂದು ಕಡೆ ಒತ್ತು, ಒಂದು ಕಡೆ ಬೋಳು” ಎನ್ನುತ್ತಾ ನನ್ನದನ್ನು ಎತ್ತಿದರು. “ಇದು ನಿಂದೇ ಬಿಡು. ಯಾವ ಹೂ ಕೊಟ್ರೂ ಗಂಟಿಂದ ಗಂಟಿಗೆ ಎರಡು ಬೆರಳು. ಹೂ ನೋಡ್ಬೇಕಾಗೇ ಇಲ್ಲ ಕಣೆ, ಗ್ಯಾಪು ನೋಡಿದ್ರೆ ಕೈ ಯಾರ್ದು ಅಂತ ಗೊತ್ತಾಗುತ್ತೆ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮಣಿಗಳ ನಡುವಿನ ಅಂತರವೂ ಸಮವಾಗಿತ್ತು. ಒಂದು ಎಳೆಯಲ್ಲಿ ಮಾತ್ರವಲ್ಲ, ನೋಡಿದ ಎಲ್ಲ ಎಳೆಗಳಲ್ಲೂ ಅದೇ ಅಂತರ. ಅಷ್ಟು ದಿನ ಅದನ್ನೇ ನೋಡಿ ನಾವು ಮೈಮರೆತಿದ್ದೆವು. ಅಂತರದಲ್ಲಿ ಕೈ ಯಾರದೆಂದು ನಾನು ಕೇಳಿಕೊಂಡೇ ಇರಲಿಲ್ಲ. ಹೂವನ್ನು ಅಲ್ಲೇ ಬಿಟ್ಟು ಎದ್ದೆ. “ಏನಾಯ್ತೇ, ಬೇಜಾರ್ ಮಾಡ್ಕೊಂಡ್ಯಾ?” ಎಂದು ಗಿರಿಜಮ್ಮ ಕೂಗುತ್ತಲೇ ಇದ್ದರು.

ಭಾನುವಾರ ಬೆಳಿಗ್ಗೆ ಒಬ್ಬಳೇ ಪ್ರಯೋಗಾಲಯಕ್ಕೆ ಹೋದೆ. ಪರೀಕ್ಷೆ ಹೇಗೆ ಮಾಡುವುದೆಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಿದ್ದೆ. ಕಣಗಳನ್ನು ಹೆಚ್ಚಿಸಲು ಯಂತ್ರದಲ್ಲಿ ಜಾಗವಿಲ್ಲ. ಇನ್ನೂ ದೊಡ್ಡ ಯಂತ್ರ ಬರಲಿ ಎಂದು ಎಲ್ಲರೂ ಕಾಯುತ್ತಿದ್ದೆವು. ಕಾರು ನಿಲ್ಲಿಸುವಾಗ ಹೊಳೆಯಿತು. ಹೆಚ್ಚು ಯಾಕೆ ಬೇಕು? ಕಡಿಮೆ ಮಾಡಿದರೆ ಸಾಲದೇ? ಪ್ರತಿ ಸಾಲಿನಲ್ಲೂ ಅರ್ಧದಷ್ಟು ಕಣ ಇಟ್ಟರೆ ಅವುಗಳ ನಡುವಿನ ಅಂತರ ಎರಡರಷ್ಟಾಗುತ್ತದೆ. ಮಣಿಗಳು ಆಕಾಶದವಾದರೆ ಇದ್ದಲ್ಲೇ ಇರುತ್ತವೆ. ನನ್ನ ಸಾಲುಗಳಿಂದ ಹುಟ್ಟಿದವಾದರೆ ಅವುಗಳ ಅಂತರವೂ ಎರಡರಷ್ಟಾಗುತ್ತದೆ. ಅಂಥ ಬಡ ಲೆಕ್ಕಕ್ಕೆ ಮೂರು ವಾರ ಬೇಡ, ಒಂದು ಸಣ್ಣ ಯಂತ್ರ ಸಾಕು, ಸಂಜೆಯೊಳಗೆ ಮುಗಿಯುತ್ತದೆ. ಕಂಪ್ಯೂಟರ್ ಕಂಪನಿಗಳ ಈ ಇಡೀ ಕಣಿವೆಯೇ ದೊಡ್ಡದು ದೊಡ್ಡದು ಎಂದು ಓಡುತ್ತಿದ್ದ ಆ ವರ್ಷಗಳಲ್ಲಿ, ಚಿಕ್ಕದು ಮಾಡಿ ನೋಡೋಣ ಎಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ನಾಚಿಕೆಯ ಮಾತು.

ನಾಲ್ಕು ಗಂಟೆಗೆ ಚಿತ್ರ ಬಂತು. ಅಳತೆಪಟ್ಟಿಯನ್ನು ಪರದೆಯ ಗಾಜಿನ ಮೇಲೇ ಇಟ್ಟು ಅಳೆದೆ. ಅಂತರ ಎರಡರಷ್ಟಾಗಿತ್ತು. ದ್ರವ್ಯ ಎರಡು ಕಡೆಯಿಂದ ಒತ್ತಿ ಎಳೆಯಾಗುವಾಗ ಉದ್ದಕ್ಕೆ ನನ್ನ ಸಾಲಿನ ಅಂತರ ಅಳಿಯದೆ ಉಳಿದಿತ್ತು. ಗುರುತ್ವ ಅದನ್ನೇ ಬೀಜ ಮಾಡಿಕೊಂಡು ಮಣಿ ಕಟ್ಟಿತ್ತು. ಅವು ಅಷ್ಟೂ ನನ್ನ ಕೈಯವು.

ಸೋಮವಾರ ಹರೀಶ ಎಂದಿನಂತೆ ಅಪಾರ್ಟ್‌ಮೆಂಟಿನ ಮುಂದೆ ಡಬ್ಬಿ ಹಿಡಿದು ನಿಂತಿದ್ದ. ಹೊಸ ಕೋಟು ತಂದಿದ್ದೇನೆ, ಲತಾ ರಾಜಿಯಾಗಿದ್ದಾಳೆ, ಬಾಡಿಗೆ ಮನೆ ನೋಡಿಡೋಣ ಎಂದಿದ್ದಾಳೆ ಎಂದು ಹೇಳುತ್ತಲೇ ಕಾರು ಹತ್ತಿದ. ಫ್ರೀವೇಗೆ ಸೇರಿದ ಮೇಲೆ ನಾನು ಮಾತು ತೆಗೆದೆ.

“ಹರೀಶ, ನಿನ್ನೆ ಕಮ್ಮಿ ಕಣ ಇಟ್ಟು ಓಡಿಸ್ದೆ” ಅಂದೆ. “ಗ್ಯಾಪು ಡಬಲ್ ಆಯ್ತು.”

ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಂಜು ದಟ್ಟವಾಗಿತ್ತು.

“ಅವತ್ತು ಮೀಟಿಂಗಲ್ಲಿ ನೋಡಿದೀನಿ ಅಂದ್ರಲ್ಲ ಅಕ್ಕ?”

“ಬೇರೆದಕ್ಕೆ ನೋಡಿದ್ದೆ. ಇದಕ್ಕಲ್ಲ. ತಪ್ಪು ನಂದು ಕಣೋ.”

“ನಾನು ಕಂಪನಿಗೂ ಆಗಲ್ಲ ಅಂದ್ಬಿಟ್ಟೆ.” ಕಿಟಕಿ ಕಡೆ ಮುಖ ತಿರುಗಿಸಿದ. “ಬೇರೆ ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ.”

“ಗುರುವಾರದವರೆಗೂ ಯಾರಿಗೂ ಹೇಳ್ಬೇಡಿ. ನಿಮ್ಗೆ ಕೈ ಮುಗೀತೀನಿ. ಆಮೇಲೆ ಏನಾರ ಆಗ್ಲಿ.”

ನಾನು ಆಯಿತು ಅಂದೆ. ತಪ್ಪು ಮಾಡಿದವಳು ನಾನು, ಇನ್ನೇನು ಹೇಳುವ ಅಧಿಕಾರ ನನಗಿತ್ತು? ಉಪನ್ಯಾಸದಲ್ಲಿ ಅವನು ಮಣಿಗಳನ್ನು ನಿಜವೆಂದು ತೋರಿಸಿದರೆ ಕೆಲಸ ಸಿಗುತ್ತದೆ, ನಾಳೆ ಯಾರಾದರೂ ಕಂಡುಹಿಡಿದರೆ ಮಾನ ಹೋಗುತ್ತದೆ. ತೋರಿಸದಿದ್ದರೆ ಇವತ್ತೇ ಕೈ ಖಾಲಿ. ಕಾರಿನಿಂದ ಇಳಿಯುವಾಗ ಅವನು ಕೈ ಚಾಚಿ, “ಆ ಚಿಕ್ಕ ರನ್ನಿನ ಫೈಲು ಕೊಡಿ” ಎಂದ. ಯಾಕೆಂದು ನಾನು ಕೇಳಲಿಲ್ಲ.

ಅಲ್ಲಿ ಏನಾಯಿತೆಂದು ಆ ಸಭೆಯಲ್ಲಿ ಕೂತಿದ್ದ ಒಬ್ಬರು ಮಾರ್ತಾ ಅವರಿಗೆ ಫೋನಿನಲ್ಲಿ ಹೇಳಿದರು. ಹರೀಶ ಮೊದಲು ಮಣಿಗಳ ಸಿನಿಮಾ ಹಾಕಿದನಂತೆ. ಜನ ಆಹಾ ಎಂದರಂತೆ. ಆಮೇಲೆ ಪಕ್ಕದಲ್ಲಿ ಚಿಕ್ಕ ಲೆಕ್ಕದ ಚಿತ್ರ ಹಾಕಿ, ಅಂತರ ಅಳೆದು ತೋರಿಸಿ, “ನೀವು ಮೆಚ್ಚಿದ್ದು ಆಕಾಶದ್ದಲ್ಲ, ನಾವು ಕಣ ಜೋಡಿಸಿದ ರೀತಿಯದ್ದು. ನನಗೂ ಇದು ತಿಳಿದದ್ದು ಈ ವಾರ” ಎಂದನಂತೆ. ಕೊನೆಗೆ ಒಬ್ಬರು ಕೇಳಿದರಂತೆ, ಇದನ್ನು ಮೊದಲೇ ಯಾಕೆ ಪರೀಕ್ಷಿಸಲಿಲ್ಲ ಎಂದು. ಕೆಲಸ ಅವನಿಗೆ ಸಿಗಲಿಲ್ಲ.

ಅವನು ಹಿಂದಿರುಗಿದ ಮೇಲಿನ ಸೋಮವಾರದ ಮೀಟಿಂಗಿನಲ್ಲಿ ಮಾರ್ತಾ ಸಿಟ್ಟು ಮಾಡಲಿಲ್ಲ. “ಸಂಖ್ಯೆ ಬದಲಿಸಿದ ಪರೀಕ್ಷೆ ಆಗಿದೆ ಎಂದು ನಾನು ಬರೆದುಕೊಂಡಿದ್ದೆ. ಅದು ಹೇಗೆ ತಪ್ಪಿತು?” ಎಂದು ಮಾತ್ರ ಕೇಳಿದರು. ಪ್ರಶ್ನೆ ನನಗೆ. ಬಾಯಿ ತೆರೆದೆ. ಆ ತಿಂಗಳು ಪ್ರೋಗ್ರಾಮರುಗಳಲ್ಲಿ ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಬಿಡುವುದು ಎಂಬ ಪಟ್ಟಿ ತಯಾರಾಗುತ್ತಿತ್ತು, ಅದೇ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಮೇಜಿನ ಆಚೆಯಿಂದ ಹರೀಶ, “ನನ್ನ ಲೆಕ್ಕ ಅದು. ನಾನೇ ಓಡಿಸಿ ನೋಡಬೇಕಿತ್ತು, ನೋಡಲಿಲ್ಲ” ಅಂದ. ನಾನು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಗೀಚಿದೆ. ಮಾರ್ತಾ ಹೊಸಬರ ಕಡೆ ತಿರುಗಿ, ಹರೀಶನ ಮಣಿಗಳನ್ನು ಮರೆಯಬೇಡಿ ಎಂದರು. ಹೆಸರು ಹಾಗೆ ಬಿತ್ತು. ನನ್ನ ಇಡೀ ಬದುಕಿನಲ್ಲಿ ಅಷ್ಟು ಹೇಡಿಯಾಗಿದ್ದದ್ದು ಬೇರೆ ದಿನ ನೆನಪಿಲ್ಲ.

ಪ್ಲೆಸೆಂಟನ್‌ನ ಕಂಪನಿ ಅವನನ್ನು ಮತ್ತೆ ಕರೆಯಿತು. ಆಗ ಎಲ್ಲರಿಗೂ ಜನ ಬೇಕಾಗಿತ್ತು. ಕಾರಿನ ಕೊನೆಯ ದಿನ ನಾನು ಏನೇನೋ ಹೇಳಲು ಹೊರಟೆ. “ಬುಡಿ ಅಕ್ಕ” ಎಂದು ಅವನೇ ತಡೆದ. ಅವನು ಹೋದಮೇಲೆ ನಾನು ಮತ್ತೆ ಕಾರ್‌ಪೂಲ್ ಲೇನಿಗೆ ಹೋಗಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಹುಚ್ಚು ಇಳಿಯಿತು. ಆ ಕಂಪನಿ ಮುಚ್ಚಿತು. ಹರೀಶ ಅದೇ ಊರಿನ ಇನ್ನೊಂದಕ್ಕೆ ಸೇರಿದನೆಂದು ಕೇಳಿದೆ. ಜಾಹೀರಾತು ಫಲಕಗಳು ಖಾಲಿಯಾಗಿ, ಫ್ರೀವೇಯಲ್ಲಿ ಕಾರುಗಳು ಕಡಿಮೆಯಾದವು. ಮುಚ್ಚಿದ ಕಂಪನಿಗಳ ಕಂಪ್ಯೂಟರುಗಳು ಹರಾಜಿಗೆ ಬಂದಾಗ ನಾವು ರಾಶಿಗಟ್ಟಲೆ ತಂದೆವು. ಕೆಲವುಗಳ ಮೇಲೆ ಯಾರದೋ ಮಕ್ಕಳು ಅಂಟಿಸಿದ ನಕ್ಷತ್ರದ ಸ್ಟಿಕರುಗಳು ಹಾಗೇ ಇದ್ದವು. ಅವನ್ನೆಲ್ಲ ತಂತಿಯಿಂದ ಹೆಣೆದು ಒಂದೇ ಯಂತ್ರ ಮಾಡಿಕೊಂಡು, ಮೊದಲಿಗಿಂತ ಎಷ್ಟೋ ಪಟ್ಟು ದೊಡ್ಡ ಬ್ರಹ್ಮಾಂಡಗಳನ್ನು ಮಾಡಿದೆವು. ದೊಡ್ಡದು ಓಡಿಸುವ ಮುಂಚೆ ಅದೇ ಲೆಕ್ಕದ, ಕಣ ಕಡಿಮೆಯಿರುವ ಬಡ ರೂಪವನ್ನು ನಾನು ತಪ್ಪದೆ ಓಡಿಸುತ್ತಿದ್ದೆ. ಎರಡೂ ಒಪ್ಪಿದಷ್ಟನ್ನೇ ಒಪ್ಪಿಸುತ್ತಿದ್ದೆ. ನನ್ನಿಂದ ಕಲಿಯುವುದಿದ್ದರೆ ಅದನ್ನು ಕಲಿಯಿರಿ.

ಆಮೇಲೆ ವಿಧಾನಗಳೂ ಬದಲಾದವು. ದ್ರವ್ಯವನ್ನು ಕಾಳು ಕಾಳಾಗಿ ನೋಡದೆ, ಮಡಚಿಕೊಳ್ಳುವ ಹಾಳೆಯಂತೆ ಹಿಡಿಯುವ ಲೆಕ್ಕಗಳನ್ನು ಕಿರಿಯರು ಕಂಡುಕೊಂಡರು. ಅದರಲ್ಲಿ ಬೆಚ್ಚಗಿನ ದ್ರವ್ಯದ ಎಳೆ ತುಂಡಾಗುವುದಿಲ್ಲ. ನಾನು ನಿವೃತ್ತಳಾಗುವ ವಾರ ಆ ಸಿನಿಮಾವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಮುಂದಿನ ಶನಿವಾರ ಹರೀಶನಿಗೆ ಫೋನ್ ಮಾಡಿ ಪ್ಲೆಸೆಂಟನ್‌ಗೆ ಹೊರಟೆ.

ಅವನ ತಲೆ ಪೂರ್ತಿ ನೆರೆತಿತ್ತು. “ಬನ್ನಿ ಅಕ್ಕ” ಎಂದ ದನಿ ಮಾತ್ರ ಹಾಗೇ ಇತ್ತು. ಲತಾ ಕಾಫಿ ಕೊಟ್ಟು ಕೂತಳು. ಅಡುಗೆಮನೆಯ ಮೇಜಿನ ಮೇಲೆ ಮಧ್ಯಾಹ್ನದ ಬೆಳಕು ಬಿದ್ದಿತ್ತು. ಲ್ಯಾಪ್‌ಟಾಪಿಗೆ ಕೈ ಅಡ್ಡ ಹಿಡಿದು ನೋಡಬೇಕಾಯಿತು. ಮಬ್ಬು ಮಡಿಕೆ ಬಿದ್ದಿತು, ಮಡಿಕೆ ಎಳೆಯಾಯಿತು. ಎಳೆ ಕೊನೆಯವರೆಗೂ ನುಣ್ಣಗೆ, ಎಲ್ಲೂ ಕಡಿಯದೆ, ಸುಮ್ಮನೆ ಹೊಳೆಯುತ್ತಾ ಇತ್ತು. ಹರೀಶ ಮತ್ತೆ ಹಾಕಿ ಎಂದು ಸನ್ನೆ ಮಾಡಿದ. ಅನು, ಈಗ ಕೆಲಸಕ್ಕೆ ಹೋಗುವ ಹುಡುಗಿ, ಅವನ ಭುಜದ ಮೇಲಿಂದ ಬಗ್ಗಿ ನೋಡಿ, “ಡ್ಯಾಡ್, ಯು ಯೂಸ್ಡ್ ಟು ಡೂ ದಿಸ್?” ಎಂದಳು. ಅವನು ತಲೆ ಆಡಿಸಿದ.

ನಾನು ತಂದಿದ್ದ ಕಾಗದ ತೆಗೆದೆ. ಪ್ರಯೋಗಾಲಯಕ್ಕೆ ಬರೆದ ಪತ್ರ. ಆ ಪರೀಕ್ಷೆ ಮಾಡದೆ ಮಾಡಿದ್ದೇನೆ ಎಂದವಳು ನಾನು, ಕಣ ಜೋಡಿಸಿದ ಪ್ರೋಗ್ರಾಮು ನನ್ನದು, ಆ ಚಿತ್ರದಿಂದ ಹರೀಶನ ಹೆಸರು ತೆಗೆದು ನನ್ನ ಹೆಸರು ಹಾಕಬೇಕು ಎಂದು ಬರೆದಿದ್ದೆ. ಅದನ್ನು ಓದಿ ಹೇಳಿದೆ. “ಆವತ್ತೇ ಹೇಳ್ಬೇಕಿತ್ತು ಕಣೋ. ಹೇಳ್ಲಿಲ್ಲ. ನನ್ನ ಕ್ಷಮಿಸ್ಬಿಡು” ಅಂದೆ.

“ಅವರು ಇನ್ನೂ ಆ ಚಿತ್ರ ತೋರಿಸ್ತಾರಾ?”

“ಪ್ರತಿವರ್ಷ ತೋರಿಸ್ತಾರೆ.”

“ನನ್ನ ಹೆಸರು ಹೇಳಿನೇ?”

“ಹೂಂ ಕಣೋ. ಹೊಸಬ್ರೆಲ್ಲಾ ಬರ್ಕೊಳ್ತಾರೆ. ಅದಕ್ಕೇ ಈ ಪತ್ರ.”

ಅವನು ಕಾಗದವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ನಾಲ್ಕಾಗಿ ಮಡಚಿ, ಕಾಫಿ ಲೋಟದ ಕೆಳಗಿಟ್ಟ.

“ಕಳಿಸ್ಬೇಡಿ ಅಕ್ಕ” ಎಂದ. “ಈ ಆಕಾಶದ ಕೆಲಸದಲ್ಲಿ ನನ್ನ ಹೆಸರಲ್ಲಿ ಉಳಿದಿರೋದು ಅದೊಂದೇ.”

ಲತಾ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಪತ್ರವನ್ನು ಅಲ್ಲೇ ಬಿಟ್ಟು ಬಂದೆ, ಕಳಿಸಲಿಲ್ಲ. ನಿಮಗೆ ಆ ಚಿತ್ರ ತೋರಿಸಿದಾಗ ಹೆಸರನ್ನು ಹಾಗೇ ಬರೆದುಕೊಳ್ಳಿ, ಅದು ಅವನದು. ತಪ್ಪು ನನ್ನದು.